ಹೆಸರು ಮಣ್ಣಿನದೋ, ಕೈಯದೋ?

ಬ್ಯಾಡಗಿ ಎಂದೊಡನೆ ಹಾವೇರಿ ಜಿಲ್ಲೆಯ ಪಟ್ಟಣಕ್ಕಿಂತ ಮೊದಲು ನಮ್ಮ ಮನಸ್ಸಿಗೆ ಬರುವುದು ಸುಕ್ಕುಗಟ್ಟಿದ ಕಡುಗೆಂಪು ಮೆಣಸಿನಕಾಯಿ. ನಂಜನಗೂಡು ಎಂದರೆ ಶ್ರೀಕಂಠೇಶ್ವರನೊಡನೆ ರಸಬಾಳೆಯೂ, ಧಾರವಾಡ ಎಂದರೆ ಕವಿಗಳೊಡನೆ ಪೇಢೆಯೂ ನೆನಪಾಗುತ್ತವೆ. ಊರಿನ ಹೆಸರು ರುಚಿಯ ಹೆಸರಾಗಿಬಿಡುವುದು ಲೋಕದಲ್ಲೆಲ್ಲ ಕಂಡುಬರುವ ಸಂಗತಿ. ಆದರೆ ಹಾಗೆ ಆದಾಗ ಒಂದು ಪ್ರಶ್ನೆ ತಾನಾಗಿ ಏಳುತ್ತದೆ. ಆ ಹೆಸರು ಯಾರದು? ಬೆಳೆಗೆ ಗುಣ ಕೊಟ್ಟ ಮಣ್ಣಿನದೋ, ಆ ಮಣ್ಣಿನ ಒಡೆಯನದೋ, ಅಥವಾ ಅದನ್ನು ಬೆಳೆದು, ಕೊಯ್ದು, ಹದಮಾಡಿದ ಕೈಗಳದೋ?

ಕಾಣಕೋಣ ತಾಲೂಕಿನಲ್ಲಿ ನೆಲೆಸಿರುವ ಕನ್ನಡಿಗರಾದ ನಮಗೆ ಇದು ಬರಿಯ ತರ್ಕವಿನೋದವಲ್ಲ. ನಾವು ಬಾಳುತ್ತಿರುವ ನೆಲಕ್ಕೆ ಸಂಬಂಧಿಸಿದ ಎರಡು ಹೆಸರುಗಳು ಭಾರತ ಸರ್ಕಾರದ ಭೌಗೋಳಿಕ ಸೂಚಕಗಳ ಪಟ್ಟಿಯಲ್ಲಿ ಸೇರಿವೆ. ಒಂದು, 2009ರಲ್ಲಿ ನೋಂದಣಿಯಾದ ಗೋವೆಯ ಗೇರುಹಣ್ಣಿನ ಫೆಣಿ. ಇನ್ನೊಂದು, 2019ರಲ್ಲಿ ಆ ಮನ್ನಣೆ ಪಡೆದ ಖೋಲಾ ಮೆಣಸಿನಕಾಯಿ. ಖೋಲಾ ನಮ್ಮ ತಾಲೂಕಿನದೇ ಹಳ್ಳಿ. ಈ ಹೆಸರುಗಳ ಬಗ್ಗೆ ಇಲ್ಲಿಯ ಜನರಿಗೆ ಸಹಜವಾದ ಹೆಮ್ಮೆಯುಂಟು. ಬೇರೆ ಕಡೆಯಿಂದ ಬಂದು ಇದೇ ಮಣ್ಣಿನಲ್ಲಿ ದುಡಿಯುತ್ತಿರುವ ನಮ್ಮವರಿಗೆ ಆ ಹೆಮ್ಮೆಯಲ್ಲಿ ಪಾಲುಂಟೆ? ಪಾಲು ಉಂಟೆಂದಾದರೆ ಹೊಣೆಯೂ ಉಂಟೆ? ಹತ್ತಿರದ ಪ್ರಶ್ನೆಯನ್ನು ಸಮಚಿತ್ತದಿಂದ ನೋಡಲು ಕೆಲವೊಮ್ಮೆ ದೂರದ ಉದಾಹರಣೆ ನೆರವಾಗುತ್ತದೆ. ಆದ್ದರಿಂದ ಫ್ರಾನ್ಸ್ ದೇಶದ ಶಾಂಪೇನ್ ಎಂಬ ಸೀಮೆಯ ಕಥೆಯನ್ನು ಇಲ್ಲಿ ಎತ್ತಿಕೊಳ್ಳುತ್ತೇನೆ.

ಸಂಘದ ಸಂಚಿಕೆಯಲ್ಲಿ ಮದ್ಯದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನಾನು ಅದನ್ನು ಸೇವಿಸುವವನಲ್ಲ. ಸೇವಿಸಿರೆಂದು ಯಾರಿಗೂ ಹೇಳುವವನೂ ಅಲ್ಲ. ಅದು ಮನೆಗಳಿಗೆ ತರುವ ಕೇಡನ್ನು ಈ ಬರಹದ ಕೊನೆಯ ಭಾಗದಲ್ಲಿ ಮರೆಮಾಚದೆ ಎದುರಿಸುತ್ತೇನೆ. ಸದ್ಯಕ್ಕೆ ಒಂದು ಪದಾರ್ಥವನ್ನು ಬಳಸುವುದು ಬೇರೆ, ಅದನ್ನು ತಿಳಿಯುವುದು ಬೇರೆ ಎಂಬಷ್ಟನ್ನು ವಾಚಕರು ಒಪ್ಪಿದರೆ ಸಾಕು.

ಶಾಂಪೇನ್ ಎಂಬುದು ಪ್ಯಾರಿಸ್ ನಗರದ ಪೂರ್ವಕ್ಕಿರುವ ಒಂದು ಸೀಮೆ. ರೀಮ್ಸ್, ಎಪರ್ನೇ ಅಲ್ಲಿಯ ಮುಖ್ಯ ಪಟ್ಟಣಗಳು. ದ್ರಾಕ್ಷಿ ಬೆಳೆಯಬಲ್ಲ ಪ್ರದೇಶಗಳ ಉತ್ತರದ ಅಂಚಿನಲ್ಲಿರುವುದರಿಂದ ಅಲ್ಲಿ ಚಳಿ ಹೆಚ್ಚು. ಹಣ್ಣು ಪೂರ್ತಿ ಸಿಹಿಯಾಗುವುದಿಲ್ಲ, ಹುಳಿ ಉಳಿಯುತ್ತದೆ. ಮೇಲ್ಮಣ್ಣು ತೆಳು. ಅದರಡಿಯಲ್ಲಿ ಸೀಮೆಸುಣ್ಣದ ಜಾತಿಯ ಬಿಳಿಯ ಮೆದುಗಲ್ಲು ಬಹು ಆಳದವರೆಗೆ ಹರಡಿದೆ. ಜೀವಮಾನವೆಲ್ಲ ಸೀಮೆಸುಣ್ಣದ ಪುಡಿಯಲ್ಲಿ ಕಳೆದ ಮೇಷ್ಟ್ರಿಗೆ ಈ ವಿವರ ಓದಿ ಸಂತೋಷವಾದುದು ಸಹಜವೇ. ಈ ಕಲ್ಲು ಮಳೆನೀರನ್ನು ಹೀರಿಟ್ಟುಕೊಂಡು ಬೇಸಗೆಯಲ್ಲಿ ಬೇರಿಗೆ ಸ್ವಲ್ಪ ಸ್ವಲ್ಪವೇ ಕೊಡುತ್ತದೆ. ಹೆಚ್ಚಾದ ನೀರನ್ನು ಬಸಿದು ಕಳಿಸುತ್ತದೆ. ಇದೇ ಕಲ್ಲನ್ನು ಕೊರೆದು ಮಾಡಿದ ನೆಲಮಾಳಿಗೆಗಳಲ್ಲಿ ವರ್ಷವಿಡೀ ಒಂದೇ ತಂಪು. ಅಲ್ಲಿ ಮುಖ್ಯವಾಗಿ ಬೆಳೆಯುವುದು ಶಾರ್ಡೊನೆ, ಪಿನೋ ನ್ವಾರ್, ಮೋನಿಯೆ ಎಂಬ ಮೂರು ತಳಿಯ ದ್ರಾಕ್ಷಿ. ಎರಡು ತಳಿಗಳ ಸಿಪ್ಪೆ ಕಪ್ಪಾದರೂ ಮೆಲ್ಲನೆ ಹಿಂಡಿ ತೆಗೆದ ರಸ ಬೆಳ್ಳಗಿರುತ್ತದೆ.

ಈ ಮದ್ಯದ ವೈಶಿಷ್ಟ್ಯವೆನಿಸಿದ ಗುಳ್ಳೆ ಮೊದಲಿಗೆ ಒಂದು ದೋಷವೆನಿಸಿತ್ತು. ಚಳಿಗಾಲದಲ್ಲಿ ಅರ್ಧಕ್ಕೆ ನಿಂತ ಹುದುಗುವಿಕೆ ವಸಂತದಲ್ಲಿ ಮತ್ತೆ ಆರಂಭವಾಗಿ, ಒಳಗೆ ಅನಿಲ ತುಂಬಿ ಸೀಸೆಗಳು ಸಿಡಿಯುತ್ತಿದ್ದವು. ಈ ಗುಳ್ಳೆಯನ್ನು ಕಂಡುಹಿಡಿದವನೆಂದು ಜನ ಹೇಳುವ ಡೋಮ್ ಪೆರಿನ್ಯೋನ್ (1638–1715) ಎಂಬ ಸಂನ್ಯಾಸಿ, ನಿಜದಲ್ಲಿ ಅದನ್ನು ತಡೆಯಲು ಶ್ರಮಿಸಿದವನು. ಕಾಲಕ್ರಮದಲ್ಲಿ ಜನ ಆ ದೋಷವನ್ನೇ ಪಳಗಿಸಿ ಗುಣವಾಗಿಸಿದರು. ಈಗ ಸೀಸೆಯೊಳಗೇ ಎರಡನೆಯ ಬಾರಿ ಹುದುಗಿಸುತ್ತಾರೆ. ಒಳಗಿನ ಒತ್ತಡ ಐದಾರು ವಾಯುಭಾರದಷ್ಟಾಗುತ್ತದೆ. ಕಾನೂನಿನ ಪ್ರಕಾರ ಸೀಸೆಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು ಮಾಳಿಗೆಯಲ್ಲಿ ಇರಿಸಬೇಕು. ಒಂದೇ ವರ್ಷದ ಬೆಳೆಯೆಂದು ಸಾರುವಂಥದ್ದಾದರೆ ಮೂರು ವರ್ಷ. ತಳದಲ್ಲಿ ಕೂರುವ ಗಸಿಯನ್ನು ಹೊರತೆಗೆಯುವ ಉಪಾಯಕ್ಕೆ ರೂಪ ಕೊಟ್ಟ ಸಂಸ್ಥೆಯ ಒಡತಿ ಒಬ್ಬ ವಿಧವೆ. ಮದಾಮ್ ಕ್ಲಿಕೋ ಎಂಬ ಆಕೆ 1805ರಲ್ಲಿ, ಇಪ್ಪತ್ತೇಳರ ಹರೆಯದಲ್ಲಿ ಗಂಡನನ್ನು ಕಳೆದುಕೊಂಡು ವ್ಯಾಪಾರದ ಹೊಣೆ ಹೊತ್ತವಳು. ತೂತು ಕೊರೆದ ಹಲಗೆಯಲ್ಲಿ ಸೀಸೆಗಳನ್ನು ತಲೆಕೆಳಗಾಗಿ ಸಿಕ್ಕಿಸಿ, ದಿನದಿನವೂ ತುಸು ತುಸು ತಿರುಗಿಸಿದರೆ ಗಸಿಯೆಲ್ಲ ಕೊರಳಿಗೆ ಇಳಿಯುತ್ತದೆ. ಅನೇಕ ವಾರಗಳ ಸಹನೆಯ ಕೆಲಸವದು.

ಇಷ್ಟು ತಿಳಿದ ಮೇಲೆ ಶಾಂಪೇನಿನ ರುಚಿ ಎಲ್ಲಿಂದ ಬಂತು ಎಂದು ಕೇಳಿದರೆ, ಫ್ರೆಂಚರು ಟೆರ್ವಾರ್ ಎಂಬ ಒಂದು ಮಾತನ್ನು ಮುಂದಿಡುತ್ತಾರೆ. ಮಣ್ಣು, ಇಳಿಜಾರು, ಮಳೆ, ಬಿಸಿಲು ಮತ್ತು ಅಲ್ಲಿಯ ಜನರ ತಲೆತಲಾಂತರದ ರೂಢಿ, ಇವೆಲ್ಲ ಕೂಡಿದ ನೆಲದ ಗುಣ ಎಂದು ಅದರ ಅರ್ಥ. ನಮ್ಮ ವೈಶೇಷಿಕ ದರ್ಶನಕಾರರಿಗೆ ಈ ವಿಚಾರ ಹೊಸದೆನಿಸುತ್ತಿರಲಿಲ್ಲ. ಪಂಚಭೂತಗಳಲ್ಲಿ ಗಂಧವನ್ನು ಅವರು ಪೃಥ್ವಿಯ ವಿಶೇಷಗುಣವೆಂದು ಎಣಿಸಿದ್ದರು. ಮಣ್ಣಿಗೆ ತನ್ನದೇ ಗಂಧವಿದೆ, ಅದು ಬೆಳೆಗೆ ಇಳಿಯುತ್ತದೆ ಎಂಬುದು ನಮ್ಮ ರೈತನಿಗೂ ಅನುಭವದಿಂದ ಗೊತ್ತು. ಆದರೆ ಇದೇ ಕನ್ನಡ ನಾಡಿನಲ್ಲಿ 12ನೆಯ ಶತಮಾನದ ಶರಣರು ಕಾಯಕಕ್ಕೆ ಹಿರಿಮೆ ಕೊಟ್ಟು, ದುಡಿಯುವ ಕೈಯನ್ನು ಮೌಲ್ಯದ ಮೂಲವಾಗಿಸಿದರು. ಒಂದು ದರ್ಶನ ಮಣ್ಣಿನ ಕಡೆ ಬೆರಳು ತೋರಿದರೆ ಇನ್ನೊಂದು ಕೈಯ ಕಡೆ ತೋರುತ್ತದೆ. ನಾವು ಕೇಳುತ್ತಿರುವ ಪ್ರಶ್ನೆ ಈ ಎರಡರ ನಡುವೆ ನಿಂತಿದೆ.

ಮೊದಲು ಮಣ್ಣಿನ ವಾದವನ್ನು ಪರೀಕ್ಷಿಸೋಣ. ಹೆಸರು ಮಣ್ಣಿನದೇ ಎನ್ನುವವರು ಸಾಮಾನ್ಯವಾಗಿ ಮೂಲದ ಶುದ್ಧಿಯನ್ನು ನಂಬಿರುತ್ತಾರೆ. ಇಲ್ಲಿಯದು ಇಲ್ಲಿಯೇ ಹುಟ್ಟಿದ್ದು, ಹೊರಗಿನದು ಹೊರಗಿನದೇ ಎಂಬುದು ಅವರ ನಿಲುವು. ಸಂಗತಿಗಳು ಇದಕ್ಕೆ ಒಪ್ಪುವುದಿಲ್ಲ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಸಣ್ಣ ಕೀಟ ಫ್ರಾನ್ಸಿನ ದ್ರಾಕ್ಷಿಬಳ್ಳಿಗಳ ಬೇರು ತಿಂದು ತೋಟಗಳನ್ನು ನಾಶಮಾಡಿತು. ಅದಕ್ಕೆ ಕಂಡ ಪರಿಹಾರವೂ ಅಮೆರಿಕದಿಂದಲೇ ಬಂತು. ಆ ಕೀಟವನ್ನು ತಾಳಿಕೊಳ್ಳಬಲ್ಲ ಅಮೆರಿಕದ ಬಳ್ಳಿಯ ಬೇರಿಗೆ ಫ್ರಾನ್ಸಿನ ಬಳ್ಳಿಯ ಕಡ್ಡಿಯನ್ನು ಕಸಿಮಾಡಿದರು. ಶಾಂಪೇನಿನ ತೋಟಗಳೂ ಹೀಗೆಯೇ ಮರುಹುಟ್ಟು ಪಡೆದವು. ಲೋಕವೆಲ್ಲ ಕೊಂಡಾಡುವ ಆ ಫ್ರೆಂಚ್ ಬಳ್ಳಿ ಇಂದು ನಿಂತಿರುವುದು ಹೊರನಾಡಿನ ಬೇರಿನ ಮೇಲೆ.

ನಮ್ಮ ಗೋವೆಯಲ್ಲಿ ಇದಕ್ಕಿಂತ ದೊಡ್ಡ ವಿಸ್ಮಯವಿದೆ. ಗೇರುಮರ ಬ್ರೆಜಿಲಿನದು, 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದ ಅತಿಥಿಯೇ. ಖೋಲಾ ಮೆಣಸಿನಕಾಯಿಯಾಗಲಿ ಬ್ಯಾಡಗಿಯಾಗಲಿ ಮೂಲದಲ್ಲಿ ಈ ದೇಶದವಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಗೆ ಇಲ್ಲಿ ಸ್ವಲ್ಪ ತಿದ್ದುಪಡಿ ಬೇಕಾಗುತ್ತದೆ. ಹುಟ್ಟಿನ ಗುಣ ಇರುತ್ತದೆ, ನಿಜ. ಆದರೆ ಬಾಳಿದ ನೆಲವೂ ಗುಣವನ್ನು ಕೊಡುತ್ತದೆ. ಬ್ರೆಜಿಲಿನ ಮರಕ್ಕೆ ಗೋವೆಯ ಹೆಸರು ದಕ್ಕಿದ್ದು ಇಲ್ಲಿ ಹುಟ್ಟಿದ್ದರಿಂದಲ್ಲ. ಇಲ್ಲಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಬೇರೂರಿ, ಇಲ್ಲಿಯ ಜನರ ಕೈಯಲ್ಲಿ ಒಂದು ವಿದ್ಯೆಗೆ ಕಾರಣವಾದುದರಿಂದ.

ಆ ವಿದ್ಯೆಯೂ ಅರಿಯತಕ್ಕದ್ದೇ. ಫೆಣಿಗಾಗಿ ಗೇರುಹಣ್ಣನ್ನು ಮರದಿಂದ ಕೀಳುವ ರೂಢಿಯಿಲ್ಲ. ತಾನಾಗಿ ಮಾಗಿ ಬಿದ್ದ ಹಣ್ಣನ್ನಷ್ಟೇ ಆರಿಸುತ್ತಾರೆ. ಬೀಜವನ್ನು ಬೇರ್ಪಡಿಸಿ, ಬಂಡೆಯಲ್ಲಿ ಕೊರೆದ ತೊಟ್ಟಿಯಲ್ಲಿ ಹಣ್ಣನ್ನು ಕಾಲಿನಿಂದ ತುಳಿದು ರಸ ತೆಗೆಯುವುದು ಹಳೆಯ ಕ್ರಮ. ಹಿಂಡಿಯನ್ನು ಕಟ್ಟಿ ಮೇಲೆ ಕಲ್ಲು ಹೇರಿದಾಗ ತೊಟ್ಟಿಕ್ಕುವ ತಿಳಿರಸವೇ ನೀರೊ. ಅಮಲಿಲ್ಲದ ಆ ಪಾನೀಯವನ್ನು ಮಕ್ಕಳೂ ಕುಡಿಯುತ್ತಾರೆ. ತುಳಿದ ರಸ ಕೆಲವು ದಿನ ತಾನಾಗಿ ಹುದುಗಿದ ಮೇಲೆ ಭಟ್ಟಿಯಿಳಿಸುತ್ತಾರೆ. ಮೊದಲ ಭಟ್ಟಿಯದು ಉರ್ರಾಕ್, ಮುಂದಿನದು ಫೆಣಿ. ಆ ಹೆಸರು ನೊರೆಯೆಂಬ ಅರ್ಥದ ಫೇನ ಶಬ್ದದಿಂದ ಬಂದಿತೆಂದು ಹೇಳುವುದುಂಟು. ಸುರಿದಾಗ ಏಳುವ ನೊರೆಯನ್ನು ನೋಡಿಯೇ ಅದರ ಹದವನ್ನು ಹೇಳಬಲ್ಲ ಹಿರಿಯರು ಹಳ್ಳಿಗಳಲ್ಲಿದ್ದರು. ಈ ಪರಂಪರೆಯನ್ನು ಮನಗಂಡು 2016ರಲ್ಲಿ ಗೋವಾ ಸರ್ಕಾರ ಫೆಣಿಗೆ ಪಾರಂಪರಿಕ ಪೇಯವೆಂಬ ಸ್ಥಾನ ನೀಡಿತು.

ಹೀಗಾಗಿ ಹೆಸರಿನ ಆಧಾರ ಮೂಲದ ಶುದ್ಧಿಯಲ್ಲ, ದೀರ್ಘವಾದ ಸಹವಾಸ ಎಂಬ ತೀರ್ಮಾನಕ್ಕೆ ನಾವು ಬರುತ್ತೇವೆ. ಇಷ್ಟಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಸಹವಾಸಕ್ಕೂ ಒಂದು ಗಡಿ ಬೇಕಲ್ಲವೆ? ಎಲ್ಲರೂ ಎಲ್ಲ ಹೆಸರನ್ನೂ ಬಳಸುವಂತಾದರೆ ಹೆಸರಿಗೆ ಬೆಲೆಯೇ ಉಳಿಯದು. ಗಡಿ ಹಾಕಲು ಹೊರಟಾಗ ಏನಾಗುತ್ತದೆ ಎಂಬುದನ್ನು ಶಾಂಪೇನ್ ಸೀಮೆ ಕಹಿಯಾಗಿ ಕಲಿತಿದೆ.

20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಬೆಳೆ ಪದೇಪದೇ ಕೈಕೊಟ್ಟಿತು. 1910ರ ಬೆಳೆಯಂತೂ ಸರ್ವನಾಶವಾಯಿತು. ಇತ್ತ ಕೆಲವು ವ್ಯಾಪಾರಿಗಳು ಫ್ರಾನ್ಸಿನ ಬೇರೆ ಭಾಗಗಳಿಂದ ಅಗ್ಗದ ದ್ರಾಕ್ಷಿಯನ್ನೂ ಮದ್ಯವನ್ನೂ ತಂದು ಶಾಂಪೇನ್ ಎಂಬ ಹೆಸರಿನಲ್ಲಿ ಮಾರುತ್ತಿದ್ದರು. 1911ರ ಜನವರಿಯಲ್ಲಿ ಮಾರ್ನ್ ಜಿಲ್ಲೆಯ ಬೆಳೆಗಾರರು ರೊಚ್ಚಿಗೆದ್ದು ಆ ಹೊರಗಿನ ಮದ್ಯವನ್ನು ನದಿಗೆ ಚೆಲ್ಲಿದರು. ಅವರ ಸಿಟ್ಟಿಗೆ ನ್ಯಾಯವಿತ್ತು. ಆದರೆ ಸರ್ಕಾರ 1908ರಲ್ಲಿ ಎಳೆದಿದ್ದ ಗಡಿರೇಖೆ ದಕ್ಷಿಣದ ಓಬ್ ಜಿಲ್ಲೆಯನ್ನು ಹೊರಗಿಟ್ಟಿತ್ತು. ಓಬ್ ಜಿಲ್ಲೆಯ ಟ್ರ್ವಾ ಪಟ್ಟಣವಾದರೋ ಹಿಂದೆ ಶಾಂಪೇನ್ ಸಾಮಂತರ ರಾಜಧಾನಿಯಾಗಿತ್ತು! ತಲೆತಲಾಂತರದಿಂದ ತಮ್ಮ ದ್ರಾಕ್ಷಿಯನ್ನು ಶಾಂಪೇನಿಗೆ ಕೊಟ್ಟ ಅಲ್ಲಿಯ ರೈತರು, ನಾವು ಇದ್ದಕ್ಕಿದ್ದಂತೆ ಹೊರಗಿನವರಾದದ್ದು ಹೇಗೆ ಎಂದು ಕೇಳಿ ಬೀದಿಗಿಳಿದರು. ಏಪ್ರಿಲ್‌ನಲ್ಲಿ ಗಡಿಯನ್ನು ರದ್ದುಮಾಡುವ ಮಾತು ಬಂದೊಡನೆ ಮಾರ್ನ್ ರೈತರು ಮತ್ತೆ ಕೆರಳಿದರು. ಆಯಿ ಎಂಬ ಊರಿನಲ್ಲಿ ಕಟ್ಟಡಗಳು ಬೆಂಕಿಗೆ ಆಹುತಿಯಾದವು, ಸೈನ್ಯ ಬರಬೇಕಾಯಿತು. ಮುಂದೆ ಓಬ್ ಜಿಲ್ಲೆಗೆ ಎರಡನೆಯ ದರ್ಜೆಯ ಶಾಂಪೇನ್ ಎಂಬ ಹಣೆಪಟ್ಟಿ ಸಿಕ್ಕಿತು. ಪೂರ್ಣ ಮಾನ್ಯತೆ ದೊರೆತದ್ದು 1927ರಲ್ಲಿ. ಇಂದು ಆ ಸೀಮೆಯ ತೋಟಗಳಲ್ಲಿ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇರುವುದು ಅಂದು ಹೊರಗಿಟ್ಟಿದ್ದ ಆ ಜಿಲ್ಲೆಯಲ್ಲಿಯೇ.

ಗಡಿನಾಡಿನಲ್ಲಿ ಬಾಳುವ ನಮಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಣಕೋಣ ಸೀಮೆ 18ನೆಯ ಶತಮಾನದಲ್ಲಿ ಪೋರ್ಚುಗೀಸರ ವಶವಾಗುವ ಮೊದಲು ಸೋಂದೆಯ ಅರಸರ ಆಳ್ವಿಕೆಯಲ್ಲಿತ್ತು. ಈಗ ಪೋಳೆಂ ತಪಾಸಣಾ ಠಾಣೆಯನ್ನು ದಾಟಿದರೆ ಕಾರವಾರ ತಾಲೂಕು. ಠಾಣೆಯ ಆಚೆಗೂ ಅದೇ ಜಂಬಿಟ್ಟಿಗೆ ಗುಡ್ಡ, ಅದೇ ಮಳೆ, ಅದೇ ಗೇರು. ಕೊಂಕಣಿಯೂ ಕನ್ನಡವೂ ಎರಡು ಬದಿಯಲ್ಲಿ ಕೇಳಿಸುತ್ತವೆ. ಆದರೆ ಫೆಣಿ ಎಂಬ ಹೆಸರು ಠಾಣೆಯ ಈಚೆಗಷ್ಟೇ ಸಲ್ಲುತ್ತದೆ. ಇದು ಅನ್ಯಾಯವೆ? ನನಗೆ ಹಾಗೆ ತೋರುವುದಿಲ್ಲ. ಕೊಳ್ಳುವವನಿಗೆ ಸತ್ಯವನ್ನು ಹೇಳಬೇಕಾದರೆ ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಆದರೆ ಗೆರೆಯನ್ನು ಎಳೆದದ್ದು ಮನುಷ್ಯರು, ವ್ಯವಹಾರದ ಅನುಕೂಲಕ್ಕೆ ಎಂಬುದನ್ನು ಮರೆತು, ಅದನ್ನು ಪ್ರಕೃತಿಯ ತೀರ್ಪೆಂದು ಭಾವಿಸಿದಾಗ ಆಯಿ ಊರಿನ ಬೆಂಕಿ ಹೊತ್ತಿಕೊಳ್ಳುತ್ತದೆ. ಗೆರೆಯ ಆಚೆಗಿನ ಮರ ಗೇರುಮರವಲ್ಲವೆಂದು ಯಾರೂ ಹೇಳಲಾರರು. ಗೆರೆಯ ಆಚೆಯಿಂದ ಬಂದ ಮನುಷ್ಯನ ವಿಷಯದಲ್ಲಿ ಮಾತ್ರ ಅಂಥ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಇದು ಇಲ್ಲಿಯ ದೋಷ ಮಾತ್ರವಲ್ಲ; ನಮ್ಮ ಕರ್ನಾಟಕದ ಊರುಗಳಲ್ಲಿಯೂ ಹೊರಗಿನಿಂದ ಬಂದ ದುಡಿಮೆಗಾರನ ಬಗ್ಗೆ ಅಂಥದೇ ಮಾತು ಕೇಳಿಬರುತ್ತದೆ.

ಇಲ್ಲಿಂದ ಕೈಯ ವಿಚಾರಕ್ಕೆ ಬರೋಣ. ಶಾಂಪೇನಿನ ನಿಯಮದಂತೆ ದ್ರಾಕ್ಷಿಯನ್ನು ಕೈಯಿಂದಲೇ ಕೊಯ್ಯಬೇಕು, ಯಂತ್ರ ಸಲ್ಲದು. ಪ್ರತಿ ಸುಗ್ಗಿಗೆ ಒಂದು ಲಕ್ಷಕ್ಕೂ ಮೇಲ್ಪಟ್ಟು ಕೆಲಸಗಾರರು ಬೇಕಾಗುತ್ತಾರೆ. ಬಹುಮಂದಿ ಹೊರಗಿನಿಂದ ಬಂದವರು. 2023ರ ಸುಗ್ಗಿಯ ಸುಡುಬಿಸಿಲಿನ ದಿನಗಳಲ್ಲಿ ಕೆಲಸದಲ್ಲಿದ್ದ ಕೆಲವರು ಮೃತಪಟ್ಟರು. ಅದೇ ಸುಗ್ಗಿಯಲ್ಲಿ, ಬಹುಪಾಲು ಆಫ್ರಿಕದಿಂದ ಬಂದ ಐವತ್ತಕ್ಕೂ ಹೆಚ್ಚು ಕೂಲಿಗಳನ್ನು ಹೀನಸ್ಥಿತಿಯಲ್ಲಿ ಇರಿಸಿ ದುಡಿಸಿಕೊಂಡದ್ದು ಬೆಳಕಿಗೆ ಬಂದು, 2025ರ ಜುಲೈನಲ್ಲಿ ಅಲ್ಲಿಯ ನ್ಯಾಯಾಲಯ ಮೂವರನ್ನು ಮಾನವ ಸಾಗಣೆಯ ಅಪರಾಧಿಗಳೆಂದು ತೀರ್ಮಾನಿಸಿತು. ಸೀಸೆಯ ಮೇಲೆ ಸೀಮೆಯ ಹೆಸರಿದೆ, ಸಂಸ್ಥೆಯ ಹೆಸರಿದೆ. ಕೊಯ್ದವನ ಹೆಸರು ಎಲ್ಲಿಯೂ ಇಲ್ಲ. ಮಣ್ಣಿನ ಒಂದೊಂದು ಇಳಿಜಾರನ್ನೂ ಅಳೆದು ದಾಖಲಿಸಿದ ಸಮಾಜದ ಕಣ್ಣಿಗೆ, ಆ ಇಳಿಜಾರಿನಲ್ಲಿ ಬಗ್ಗಿ ನಿಂತ ಬೆನ್ನು ಕಾಣದೆ ಹೋಯಿತು.

ಇದನ್ನು ಓದಿದಾಗ ನನಗೆ ಶಾಲೆಯ ಹಾಜರಿ ಪುಸ್ತಕ ನೆನಪಾಗುತ್ತದೆ. ಮಾರ್ಚ್ ಬಂತೆಂದರೆ ಗೇರಿನ ಕಾಲ. ಪರೀಕ್ಷೆಯ ಕಾಲವೂ ಅದೇ. ತೋಟಗಳಲ್ಲಿ ದುಡಿಯುವವರ ಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲುಸಾಲಾಗಿ ಬೀಳುತ್ತಿತ್ತು. ಬೆಳಗಿನ ಜಾವ ಬಿದ್ದ ಹಣ್ಣು ಆರಿಸುವ ಕೈಗಳಲ್ಲಿ ಕೆಲವು ಏಳೆಂಟು ವರ್ಷದವು. ಹೆಸರಿನ ಕೀರ್ತಿಯಲ್ಲಿ ಆ ಕೈಗಳಿಗೆ ಪಾಲು ಸಿಗಲಿಲ್ಲ. ನಷ್ಟದಲ್ಲಿ ಮಾತ್ರ ಸಿಕ್ಕಿತು.

ಹಾಗಾದರೆ ಹೆಸರು ಕೈಯದೇ ಎಂದುಬಿಡೋಣವೆ? ಅದೂ ಪೂರ್ತಿ ಸರಿಯಾಗದು. ಅದೇ ಕೈ ಬೇರೆ ನೆಲದಲ್ಲಿ ಅದೇ ಬೀಜ ಬಿತ್ತಿದರೆ ಅದೇ ಮೆಣಸಿನಕಾಯಿ ಬರುವುದಿಲ್ಲ. ಖೋಲಾದ ಹೆಂಗಸರು ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ನೀರಾವರಿಯಿಲ್ಲದೆ ಬೆಳೆಯುವ ಕಾಯಿಗೆ ಆ ಗುಡ್ಡವೂ ಬೇಕು, ಆ ಹೆಂಗಸರೂ ಬೇಕು. ಎರಡರಲ್ಲಿ ಒಂದನ್ನು ಆರಿಸಿರೆಂಬ ಪ್ರಶ್ನೆಯೇ ತಪ್ಪು ದಾರಿಗೆ ಒಯ್ಯುತ್ತದೆ. ಹೆಸರು ಯಾರ ಸ್ವತ್ತು ಎಂದು ಕೇಳುವ ಬದಲು, ಅದು ಸ್ವತ್ತೇ ಹೌದೇ ಎಂದು ಕೇಳಬೇಕು.

ಇಲ್ಲಿ ನಮ್ಮ ದೇಶದ ಕಾನೂನೇ ಒಂದು ಸುಳಿವು ಕೊಡುತ್ತದೆ. ಭೌಗೋಳಿಕ ಸೂಚಕಗಳ ಕಾಯಿದೆ 1999ರಲ್ಲಿ ಅಂಗೀಕಾರವಾಗಿ 2003ರಲ್ಲಿ ಜಾರಿಗೆ ಬಂತು. ಅದರ ಪ್ರಕಾರ ಇಂಥ ಹೆಸರನ್ನು ಮಾರುವಂತಿಲ್ಲ, ಪರಭಾರೆ ಮಾಡುವಂತಿಲ್ಲ, ಅಡವಿಡುವಂತಿಲ್ಲ. ಅಧಿಕೃತ ಬಳಕೆದಾರ ತೀರಿಕೊಂಡರೆ ಅವನ ಹಕ್ಕು ವಾರಸುದಾರರಿಗೆ ಹೋಗುತ್ತದೆ, ಅಷ್ಟೆ. ಮಾರಲಾಗದ, ಅಡವಿಡಲಾಗದ ವಸ್ತು ಸ್ವತ್ತಿಗಿಂತ ನ್ಯಾಸಕ್ಕೆ ಹತ್ತಿರವಾದುದು. ದೇವಸ್ಥಾನದ ಆಸ್ತಿಯನ್ನು ಧರ್ಮದರ್ಶಿ ಹೇಗೆ ನೋಡಿಕೊಳ್ಳಬೇಕೋ ಹೆಸರನ್ನು ಊರು ಹಾಗೆ ನೋಡಿಕೊಳ್ಳಬೇಕು. ನ್ಯಾಸವೆಂದು ಒಪ್ಪಿದ ಮೇಲೆ ಹಕ್ಕಿಗಿಂತ ಮೊದಲು ಕರ್ತವ್ಯ ಬರುತ್ತದೆ. ಕೊಳ್ಳುವವನಿಗೆ ಸುಳ್ಳು ಹೇಳದಿರುವುದು ಮೊದಲನೆಯದು. ಮಣ್ಣನ್ನು ಬರಿದು ಮಾಡದಿರುವುದು ಎರಡನೆಯದು. ದುಡಿದ ಕೈಗೆ, ಅದು ಎಲ್ಲಿಂದಲೇ ಬಂದಿರಲಿ, ಕೂಲಿಯನ್ನೂ ನೆರಳನ್ನೂ ಮರ್ಯಾದೆಯನ್ನೂ ಕೊಡುವುದು ಮೂರನೆಯದು. ಮೊದಲ ಎರಡನ್ನು ಪಾಲಿಸಿ ಮೂರನೆಯದನ್ನು ಮರೆತವನ ಸೀಸೆಯ ಮೇಲಿನ ಚೀಟಿ ಕಾನೂನಿನಲ್ಲಿ ನಿಜ, ಧರ್ಮದಲ್ಲಿ ಅರ್ಧ ಸುಳ್ಳು.

ಈಗ ಆರಂಭದಲ್ಲಿ ಹೇಳಿದ ಕೇಡಿನ ಮಾತು. ಮದ್ಯ ಸಂಸಾರಗಳನ್ನು ಹಾಳುಮಾಡಿದ್ದನ್ನು ಮೇಷ್ಟ್ರಾಗಿ ಕಂಡಷ್ಟು ಬೇರೆ ಯಾವ ವೃತ್ತಿಯವರು ಕಂಡಾರು? ತಂದೆಯ ಕುಡಿತದ ಲೆಕ್ಕ ಮಗುವಿನ ಕಣ್ಣಿನಲ್ಲಿ ಬರೆದಿರುತ್ತದೆ. ಮಾದಕ ಪಾನೀಯಗಳ ನಿಷೇಧಕ್ಕೆ ರಾಜ್ಯ ಪ್ರಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಸುಮ್ಮನೆ ಹೇಳಿಲ್ಲ. ಒಂದು ವಿದ್ಯೆ ಸೂಕ್ಷ್ಮವಾದುದು ಎಂದ ಮಾತ್ರಕ್ಕೆ ಅದರ ಫಲ ಒಳ್ಳೆಯದಾಗುವುದಿಲ್ಲ. ನಾನು ಮೆಚ್ಚುವುದು ಆ ವಿದ್ಯೆಯೊಳಗಿನ ಸಹನೆಯನ್ನು, ಸತ್ಯನಿಷ್ಠೆಯನ್ನು, ಅದರ ಅಮಲನ್ನಲ್ಲ. ಒಂದು ವಿಪರ್ಯಾಸವನ್ನೂ ಗಮನಿಸಬೇಕು. ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದದ 23ನೆಯ ವಿಧಿ ಮದ್ಯಗಳ ಹೆಸರಿಗೆ ವಿಶೇಷ ರಕ್ಷಣೆ ನೀಡುತ್ತದೆ. ಅಕ್ಕಿ, ಚಹಾ, ಮೆಣಸಿನಕಾಯಿಗಳ ಹೆಸರಿಗೆ ಇರುವುದು ಅದಕ್ಕಿಂತ ಕೆಳಗಿನ ರಕ್ಷಣೆ. ಇದನ್ನು ಎಲ್ಲ ಪದಾರ್ಥಗಳಿಗೂ ವಿಸ್ತರಿಸಬೇಕೆಂದು ಭಾರತ ವಾದಿಸುತ್ತ ಬಂದಿದೆ. ಆ ವಾದ ನ್ಯಾಯವಾದುದು. ನಮ್ಮ ಮಕ್ಕಳಿಗೆ ನೆಲದ ಗುಣದ ಪಾಠವನ್ನು ಹೇಳಲು ಖೋಲಾ ಮೆಣಸಿನಕಾಯಿ ಸಾಕು, ಸೀಸೆ ಬೇಕಾಗಿಲ್ಲ.

ಕೊನೆಯದಾಗಿ ನಮ್ಮ ಸಂಘದ ಮಾತು. ಹೊರನಾಡಿನ ಕನ್ನಡಿಗರಾದ ನಮ್ಮದು ಕಸಿ ಗಿಡದ ಬಾಳು. ಬೇರು ಒಂದು ಕಡೆಯದು, ಟೊಂಗೆ ಇನ್ನೊಂದು ಕಡೆಯದು. ನಮ್ಮ ಮೊಮ್ಮಕ್ಕಳು ಮನೆಯಲ್ಲಿ ಕನ್ನಡ, ಅಂಗಳದಲ್ಲಿ ಕೊಂಕಣಿ ಆಡುತ್ತಾರೆ. ಅದನ್ನು ಕಂಡು ಕೆಲವರು ಮರುಗುವುದುಂಟು. ಕಸಿ ಕೂಡಿಕೊಂಡರೆ ಎರಡೂ ಬದುಕುತ್ತವೆ, ಫಲವೂ ಸಿಗುತ್ತದೆ ಎಂಬುದನ್ನು ದ್ರಾಕ್ಷಿಬಳ್ಳಿ ತೋರಿಸಿಕೊಟ್ಟಿದೆ. ಆದರೆ ಕಸಿಗೆ ಆರೈಕೆ ಬೇಕು. ಮನೆಯಲ್ಲಿ ಕನ್ನಡದ ಓದು ನಿಂತರೆ ಕಟ್ಟು ಸಡಿಲವಾಗುತ್ತದೆ. ಈ ನೆಲದ ಹೆಸರಿನಲ್ಲಿ ಪಾಲು ಕೇಳುವ ಮೊದಲು ನಾವು ಅದರ ನ್ಯಾಸಕ್ಕೆ ಹೆಗಲು ಕೊಡೋಣ. ಚಾವಡಿಯ ಸಂತೆಯಲ್ಲಿ ಖೋಲಾ ಮೆಣಸಿನಕಾಯಿ ತುಸು ದುಬಾರಿಯೆಂದು ಕಂಡಾಗ, ಬೆಳೆದವಳೊಡನೆ ಚೌಕಾಸಿಗೆ ಇಳಿಯದೆ ಕೊಳ್ಳೋಣ. ಗೇರಿನ ಕಾಲದಲ್ಲಿ ಬಾಗಲಕೋಟೆಯಿಂದಲೋ ಕೊಪ್ಪಳದಿಂದಲೋ ಬಂದ ಕೂಲಿಯವರ ಮಗು ತೋಟದಲ್ಲಿ ಕಂಡರೆ, ಅದರ ತಾಯಿತಂದೆಯರೊಡನೆ ನಮ್ಮ ನುಡಿಯಲ್ಲಿಯೇ ಮಾತಾಡಿ ಹತ್ತಿರದ ಶಾಲೆಗೆ ಸೇರಿಸೋಣ. ಆ ಕುಟುಂಬಕ್ಕೆ ಈ ಊರಿನಲ್ಲಿ ಅರ್ಥವಾಗುವ ಮಾತನ್ನಾಡಬಲ್ಲವರು ಬಹುಶಃ ನಾವೇ. ಸಂಘದ ಸದಸ್ಯರಲ್ಲಿ ತೋಟದ ಒಡೆಯರಿದ್ದರೆ, ಮಾರ್ಚ್ ತಿಂಗಳಲ್ಲಿ ಹಣ್ಣು ಆರಿಸಲು ಮಕ್ಕಳನ್ನು ಕರೆಯುವುದಿಲ್ಲವೆಂದು ಈ ಸಮ್ಮೇಳನದಲ್ಲಿಯೇ ನಿಶ್ಚಯಿಸಲಿ ಎಂಬುದು ನನ್ನ ವಿನಂತಿ.